ಹತ್ತು ನಿಮಿಷ ನಗು, ಎರಡು ಗಂಟೆ ನಿದ್ದೆ

"ನಗುವೇ ಪರಮೌಷಧ" ಅನ್ನೋ ಮಾತನ್ನು ಕೇಳದವರು ಯಾರಿದ್ದಾರೆ ಹೇಳಿ? ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಗೋಡೆಯಿಂದ ಹಿಡಿದು ಬೆಳಬೆಳಿಗ್ಗೆ ಬರುವ ವಾಟ್ಸಾಪ್ ಶುಭೋದಯದವರೆಗೆ ಎಲ್ಲ ಕಡೆ ಅದೇ. ಅದರ ಬಾಲಕ್ಕೆ ಒಂದು ಕತೆಯೂ ಅಂಟಿಕೊಂಡು ಬರುತ್ತದೆ. ಅಮೆರಿಕದಲ್ಲಿ ಒಬ್ಬ ಪತ್ರಕರ್ತನಿಗೆ ವಾಸಿಯಾಗದ ಕಾಯಿಲೆ ಬಂತಂತೆ, ಡಾಕ್ಟರುಗಳು ಕೈಚೆಲ್ಲಿದರಂತೆ, ಆತ ಕಾಮಿಡಿ ಸಿನೆಮಾ ನೋಡಿ ನಕ್ಕೂ ನಕ್ಕೂ ಪೂರ್ತಿ ಗುಣವಾದನಂತೆ!

ಈ "ಅಂತೆ"ಗಳ ಹಿಂದೆ ಏನಿದೆ ಅಂತ ಹುಡುಕಿಕೊಂಡು ಹೋಗಲು ನನಗೊಂದು ಕಾರಣವಿತ್ತು, ಅದನ್ನು ಆಮೇಲೆ ಹೇಳುತ್ತೇನೆ. ಹುಡುಕಿದಾಗ ಸಿಕ್ಕಿದ ಇತಿಹಾಸ ಮಾತ್ರ ವಾಟ್ಸಾಪ್ ಕತೆಗಿಂತ ಎಷ್ಟೋ ಪಾಲು ಸ್ವಾರಸ್ಯವಾಗಿದೆ. ಹಾಗಾಗಿ ಈ ಬರಹ.

ಆ ಪತ್ರಕರ್ತನ ಹೆಸರು ನಾರ್ಮನ್ ಕಸಿನ್ಸ್. 'ಸ್ಯಾಟರ್ಡೇ ರಿವ್ಯೂ' ಅನ್ನೋ ಹೆಸರಾಂತ ಪತ್ರಿಕೆಯ ಸಂಪಾದಕ. 1964ರಲ್ಲಿ ಸೋವಿಯತ್ ರಷ್ಯಾಕ್ಕೆ ಹೋಗಿ ಬಂದ ಬೆನ್ನಿಗೇ ಆತನಿಗೆ ಜ್ವರ, ಮೈಕೈ ನೋವು ಶುರುವಾಯಿತು. ಒಂದು ವಾರದಲ್ಲಿ ಕತ್ತು, ಕೈ, ಬೆರಳು ಅಲುಗಾಡಿಸುವುದೇ ಕಷ್ಟವಾಗಿ ಆಸ್ಪತ್ರೆ ಸೇರಿದ. ತಜ್ಞರು ಹೇಳಿದ್ದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳು ಉರಿಯೂತದಿಂದ ಬಿಗಿದುಕೊಳ್ಳುವ ಕಾಯಿಲೆ. ಪೂರ್ತಿ ವಾಸಿಯಾಗುವ ಸಾಧ್ಯತೆ ಐನೂರರಲ್ಲಿ ಒಂದು ಅಂತಲೂ ಹೇಳಿದರು. ಆಗ ಆತ ನುಂಗುತ್ತಿದ್ದ ಮಾತ್ರೆಗಳ ಲೆಕ್ಕ ನೋಡಿ: ದಿನಕ್ಕೆ 26 ಆಸ್ಪಿರಿನ್, ಜೊತೆಗೆ 12 ಫೀನೈಲ್‌ಬ್ಯುಟಜೋನ್. ಮೈತುಂಬ ದದ್ದು!

ಕಸಿನ್ಸ್ ಓದುಗ ಮನುಷ್ಯ. ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1956ರಲ್ಲಿ ಒತ್ತಡದ ಬಗ್ಗೆ ಬರೆದ ಪುಸ್ತಕವನ್ನು ಹಿಂದೆ ಓದಿದ್ದ. ಸಿಟ್ಟು, ಹತಾಶೆ, ಭಯ ಇವೆಲ್ಲ ದೇಹದ ರಸಾಯನವನ್ನೇ ಕೆಡಿಸಬಲ್ಲವು ಅನ್ನೋದು ಅದರ ತಿರುಳು. ಮಲಗಿದ್ದಲ್ಲೇ ಕಸಿನ್ಸ್‌ಗೆ ಒಂದು ಪ್ರಶ್ನೆ ಎದ್ದಿತು. ಕೆಟ್ಟ ಭಾವನೆ ಕೆಡಿಸುವುದಾದರೆ, ಒಳ್ಳೆಯ ಭಾವನೆ ಸರಿ ಮಾಡಬೇಡವೇ?

ತನ್ನ ಹಳೆಯ ಸ್ನೇಹಿತರೂ ಆಗಿದ್ದ ಡಾಕ್ಟರ್ ವಿಲಿಯಂ ಹಿಟ್ಸಿಗ್ ಜೊತೆ ಕೂತು ಆತ ಹೊಸದೊಂದು ಪ್ಲಾನು ಮಾಡಿದ. ಆಸ್ಪಿರಿನ್ ನಿಲ್ಲಿಸಿದ. ವಿಟಮಿನ್ ಸಿ ಅನ್ನು ಡ್ರಿಪ್ಪಿನ ಮೂಲಕ ದಿನಕ್ಕೆ 25 ಗ್ರಾಮಿನವರೆಗೂ ಏರಿಸಿಕೊಂಡ. ಆಸ್ಪತ್ರೆ ಬಿಟ್ಟು ಒಂದು ಹೋಟೆಲ್ ರೂಮಿಗೆ ಹೋದ (ಖರ್ಚು ಆಸ್ಪತ್ರೆಯ ಮೂರನೇ ಒಂದು ಭಾಗವಂತೆ, ಮೇಲಾಗಿ ಬೆಳಿಗ್ಗೆ ಬೆಳಿಗ್ಗೆ ಎಬ್ಬಿಸಿ ಸ್ನಾನ ಮಾಡಿಸುವವರಿಲ್ಲ!). 'ಕ್ಯಾಂಡಿಡ್ ಕ್ಯಾಮೆರಾ' ಅನ್ನೋ ಟಿವಿ ಕಾರ್ಯಕ್ರಮದ ರೀಲುಗಳನ್ನೂ ಮಾರ್ಕ್ಸ್ ಸಹೋದರರ ಹಳೆಯ ಸಿನೆಮಾಗಳನ್ನೂ ತರಿಸಿಕೊಂಡ. ನರ್ಸ್ ಪ್ರೊಜೆಕ್ಟರ್ ಓಡಿಸುತ್ತಿದ್ದಳು. ಹತ್ತು ನಿಮಿಷ ಹೊಟ್ಟೆ ಹಿಡಿದುಕೊಂಡು ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಬರುತ್ತಿತ್ತು ಅಂತ ಆತ ಬರೆದಿದ್ದಾನೆ. ನೋವಿನಿಂದ ರಾತ್ರಿಯಿಡೀ ಎಚ್ಚರವಿದ್ದವರಿಗೆ ಗೊತ್ತು, ಆ ಎರಡು ಗಂಟೆಯ ಬೆಲೆ ಎಷ್ಟು ಅಂತ.

ನನಗೆ ತುಂಬಾ ಇಷ್ಟವಾದದ್ದು ಮುಂದಿನ ಭಾಗ. ಅವರು ಇಷ್ಟಕ್ಕೇ ನಂಬಿ ಕೂರಲಿಲ್ಲ. ನಗುವ ಮುಂಚೆ ಒಮ್ಮೆ, ನಕ್ಕ ಮೇಲೆ ಒಮ್ಮೆ ರಕ್ತದ ಇ.ಎಸ್.ಆರ್. ಅಳೆದರು. ಉರಿಯೂತ ಹೆಚ್ಚಾದಷ್ಟೂ ಏರುವ ಸಂಖ್ಯೆ ಅದು, ಆತನಿಗೆ 115ರವರೆಗೂ ಹೋಗಿತ್ತು. ನಕ್ಕಾಗಲೆಲ್ಲ ಕನಿಷ್ಠ ಐದು ಅಂಕ ಇಳಿಯುತ್ತಿತ್ತು, ಇಳಿದದ್ದು ಮತ್ತೆ ಏರುತ್ತಿರಲಿಲ್ಲ ಅನ್ನೋದು ಆತನ ದಾಖಲೆ. ಕೆಲವು ತಿಂಗಳಲ್ಲಿ ಕಸಿನ್ಸ್ ಮತ್ತೆ ಕೆಲಸಕ್ಕೆ ಹೋಗುವಷ್ಟಾದ.

ಹನ್ನೆರಡು ವರ್ಷ ಬಿಟ್ಟು, 1976ರ ಡಿಸೆಂಬರಿನಲ್ಲಿ, ಈ ಅನುಭವವನ್ನು 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪ್ರಕಟಿಸಿತು. ವೈದ್ಯನಲ್ಲದ ಒಬ್ಬ ರೋಗಿ ತನ್ನ ಕಾಯಿಲೆಯ ಬಗ್ಗೆ ಬರೆದದ್ದು ಅಂಥ ಪತ್ರಿಕೆಯಲ್ಲಿ! ಜಗತ್ತಿನ ಮೂಲೆಮೂಲೆಯಿಂದ ಸುಮಾರು ಮೂರು ಸಾವಿರ ವೈದ್ಯರು ಆತನಿಗೆ ಕಾಗದ ಬರೆದರು. 1979ರಲ್ಲಿ ಅದು ಪುಸ್ತಕವಾಯಿತು, 1984ರಲ್ಲಿ ಟಿವಿ ಸಿನೆಮಾ ಆಯಿತು. ಕತೆ ಹೀಗೆ ಕೈಯಿಂದ ಕೈಗೆ ದಾಟುತ್ತಾ ದಾಟುತ್ತಾ ವಿಟಮಿನ್ ಸಿ ಬಿದ್ದುಹೋಯಿತು, ನಿಲ್ಲಿಸಿದ ಮಾತ್ರೆ ಬಿದ್ದುಹೋಯಿತು, ಜೊತೆಗಿದ್ದ ಡಾಕ್ಟರೂ ಬಿದ್ದುಹೋದರು. ಉಳಿದದ್ದು ನಗು ಒಂದೇ.

ಈಗ ನನ್ನೊಳಗಿನ ಇಂಜಿನಿಯರ್ ಸ್ವಲ್ಪ ಮೂಗು ತೂರಿಸುತ್ತಾನೆ, ಕ್ಷಮಿಸಿ :) ನಮ್ಮ ಕೆಲಸದಲ್ಲಿ ಒಂದು ಬಗ್ ಕಾಡುತ್ತಿದ್ದಾಗ ಐದು ಕಡೆ ಕೋಡ್ ಬದಲಾಯಿಸಿ, ಸರ್ವರ್ರನ್ನೂ ರೀಸ್ಟಾರ್ಟ್ ಮಾಡಿ, ಬಗ್ ಮಾಯವಾಯಿತು ಅಂದುಕೊಳ್ಳಿ. ಐದರಲ್ಲಿ ಯಾವುದರಿಂದ ಹೋಯಿತು? ಯಾರಿಗೂ ಗೊತ್ತಿಲ್ಲ. ಎಲ್ಲವೂ ಸೇರಿ ಹೋಗಿರಬಹುದು, ಸುಮ್ಮನೆ ರೀಸ್ಟಾರ್ಟಿನಿಂದಲೂ ಹೋಗಿರಬಹುದು. ಕಸಿನ್ಸ್ ಬದಲಾಯಿಸಿದ್ದೂ ಹೀಗೆಯೇ, ಎಲ್ಲವನ್ನೂ ಒಟ್ಟಿಗೆ. ಮೇಲಾಗಿ ಇಂಥ ಕೀಲಿನ ಕಾಯಿಲೆಗಳು ತಾವಾಗಿಯೇ ಏರುತ್ತವೆ, ತಾವಾಗಿಯೇ ಇಳಿಯುತ್ತವೆ. ಟೀಕಾಕಾರರು ಇದನ್ನೆಲ್ಲ ಆಗಲೇ ಎತ್ತಿ ತೋರಿಸಿದರು. ಕಸಿನ್ಸ್ ಕೂಡ ನಗು ಅನ್ನೋದು ವೈದ್ಯಕೀಯಕ್ಕೆ ಬದಲಿಯಲ್ಲ. ಆಸೆ, ಪ್ರೀತಿ, ಬದುಕುವ ಛಲ ಇಂಥ ಎಲ್ಲ ಒಳ್ಳೆಯ ಭಾವನೆಗಳಿಗೂ ತಾನು ಅದನ್ನೊಂದು ರೂಪಕವಾಗಿ ಬಳಸಿದ್ದು ಅಂತ ಮುಂದೆ ಸ್ಪಷ್ಟಪಡಿಸಿದ. ವಾಟ್ಸಾಪ್ ಸಂದೇಶದಲ್ಲಿ ಆ ಸಾಲು ಇರುವುದಿಲ್ಲ.

ಈಗ ನನ್ನ ಕಾರಣಕ್ಕೆ ಬರುತ್ತೇನೆ. ನಮ್ಮ ಚಿಕ್ಕಪ್ಪನಿಗೂ ಇರುವುದು ಇದೇ ಕಾಯಿಲೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಏಳಲು ಎರಡು ಕೈ ಬೇಕು. ಈ ಕಸಿನ್ಸ್ ಕತೆಯನ್ನು ಅವರಿಗೆ ಕಳಿಸದ ನೆಂಟರೇ ಇಲ್ಲ. "ಚೆನ್ನಾಗಿ ನಗ್ತಾ ಇರಪ್ಪಾ, ಎಲ್ಲಾ ಹೋಗತ್ತೆ" ಅಂತ ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಮಾತಿನ ಹಿಂದೆ ಇನ್ನೊಂದು ಮಾತು ತಾನಾಗಿ ಹುಟ್ಟಿಕೊಳ್ಳುತ್ತದೆ: ಹೋಗಿಲ್ಲ ಅಂದರೆ ನೀನು ಸರಿಯಾಗಿ ನಕ್ಕಿಲ್ಲ! ನೋವು ತಿನ್ನುವವರ ತಲೆಗೇ ಅದರ ತಪ್ಪನ್ನೂ ಕಟ್ಟಿದ ಹಾಗಾಯಿತಲ್ಲ? ಅದಕ್ಕೇ ನಗುವಿಗೆ ಇರುವ ಶಕ್ತಿ ಎಷ್ಟು, ಇಲ್ಲದ್ದು ಎಷ್ಟು ಅಂತ ತಿಳಿದುಕೊಳ್ಳುವುದು ನನಗೆ ಮುಖ್ಯವಾಗಿ ಕಂಡಿತು.

ಸರಿ, ಇತಿಹಾಸಕ್ಕೆ ವಾಪಸ್ಸು. ಕತೆಯ ಮುಂದಿನ ತಿರುವು ನಮ್ಮ ದೇಶದಲ್ಲೇ ಇದೆ. 1995ರ ಮಾರ್ಚ್. ಮುಂಬೈಯ ಡಾ. ಮದನ್ ಕಟಾರಿಯಾ ಒಂದು ಆರೋಗ್ಯ ಪತ್ರಿಕೆಗಾಗಿ ನಗುವಿನ ಪ್ರಯೋಜನಗಳ ಬಗ್ಗೆ ಲೇಖನ ಬರೆಯಲು ಕೂತಿದ್ದರು. ಕಸಿನ್ಸ್ ಪುಸ್ತಕವನ್ನೂ ಓದಿಕೊಂಡಿದ್ದರು. ಬರೀ ಬರೆಯುವುದೇಕೆ, ಮಾಡಿಯೇ ನೋಡೋಣ ಅನ್ನಿಸಿ, ಮಾರ್ಚ್ 13ರ ಬೆಳಿಗ್ಗೆ ಅಂಧೇರಿಯ ಲೋಖಂಡ್‌ವಾಲಾ ಬಡಾವಣೆಯ ಪಾರ್ಕಿಗೆ ಹೋಗಿ ವಾಕಿಂಗ್ ಬಂದವರನ್ನೆಲ್ಲ ಕರೆದರು. ಸೇರಿದವರು ಅವರೂ ಸೇರಿ ಬರೀ ಐದು ಜನ. ದಿನಕ್ಕೊಬ್ಬರು ಮಧ್ಯೆ ನಿಂತು ಜೋಕು ಹೇಳುವುದು, ಉಳಿದವರು ನಗುವುದು. ಕೆಲವೇ ದಿನಗಳಲ್ಲಿ ಗುಂಪು ದೊಡ್ಡದಾಯಿತು.

ಎರಡು ವಾರ ಆಗುವಷ್ಟರಲ್ಲಿ ಸ್ಟಾಕು ಖಾಲಿ! ಜೋಕುಗಳು ಪೋಲಿಯಾಗತೊಡಗಿದವು, ಇನ್ನೊಬ್ಬರನ್ನು ಚುಚ್ಚತೊಡಗಿದವು, ಕೆಲವರು ಬೇಸರಪಟ್ಟುಕೊಂಡು ಬಿಟ್ಟು ಹೋಗುತ್ತೇವೆ ಅಂದರು. ಕಟಾರಿಯಾ ಒಂದು ದಿನದ ಟೈಮು ಕೇಳಿ, ಮರುದಿನ ಬಂದು ಹೇಳಿದ್ದಿಷ್ಟು: ಜೋಕೇ ಬೇಡ, ಒಂದು ನಿಮಿಷ ಸುಮ್ಮನೆ ನಕ್ಕಂತೆ ನಟಿಸೋಣ. ಒಬ್ಬರ ನಟನೆ ನೋಡಿ ಇನ್ನೊಬ್ಬರಿಗೆ ನಿಜವಾಗಿ ನಗು ಬಂತು, ಅದು ಮತ್ತೊಬ್ಬರಿಗೆ ಅಂಟಿತು. ಒಂದು ನಿಮಿಷ ಅಂದದ್ದು ಸುಮಾರು ಹತ್ತು ನಿಮಿಷ ನಡೆಯಿತು. ಮುಂದೆ ಅವರ ಪತ್ನಿ, ಯೋಗ ಶಿಕ್ಷಕಿ ಮಾಧುರಿಯವರು ಇದಕ್ಕೆ ಪ್ರಾಣಾಯಾಮದ ಉಸಿರಾಟವನ್ನು ಬೆಸೆದರು. ಹಾಸ್ಯಯೋಗ ಹುಟ್ಟಿದ್ದು ಹೀಗೆ. 1998ರ ಜನವರಿಯಲ್ಲಿ ಮುಂಬೈಯಲ್ಲೇ ಮೊದಲ ವಿಶ್ವ ನಗು ದಿನವೂ ನಡೆಯಿತು. ಈಗ ಅದನ್ನು ಮೇ ತಿಂಗಳ ಮೊದಲ ಭಾನುವಾರ ಆಚರಿಸುತ್ತಾರೆ. ಬೆಂಗಳೂರಿನ ಪಾರ್ಕುಗಳಲ್ಲಿ ಬೆಳಿಗ್ಗೆ ಎರಡೂ ಕೈ ಮೇಲೆತ್ತಿ "ಹಾ ಹಾ ಹಾ" ಅನ್ನುವ ಅಂಕಲ್-ಆಂಟಿಯರನ್ನು ನೋಡಿ ನೀವೂ ಮುಸಿಮುಸಿ ನಕ್ಕಿರಬಹುದು. ಆ ಗುಂಪಿನ ಮೂಲಪುರುಷರು ಈ ಐದು ಜನ.

ಜೋಕು ಖಾಲಿಯಾದರೂ ನಗು ಖಾಲಿಯಾಗದ ಗುಟ್ಟೇನು? ಇದಕ್ಕೆ ಉತ್ತರ ಅಮೆರಿಕದ ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿಯಲ್ಲಿದೆ. ಆತ 1990ರ ದಶಕದಲ್ಲಿ ತನ್ನ ವಿದ್ಯಾರ್ಥಿಗಳೊಂದಿಗೆ ಮಾಲು, ಕಾಲೇಜು, ಬೀದಿಗಳಲ್ಲಿ ಸುತ್ತಿ, ಜನ ನಗುವುದನ್ನು ಕದ್ದು ಕೇಳಿ, 1,200 ನಗುಗಳನ್ನು ದಾಖಲಿಸಿದ. ಅದರಲ್ಲಿ ನಿಜವಾಗಿ ತಮಾಷೆ ಅನ್ನಬಹುದಾದ ಮಾತಿಗೆ ಬಂದ ನಗು ಶೇಕಡಾ 20ಕ್ಕೂ ಕಡಿಮೆ! ಉಳಿದದ್ದೆಲ್ಲ "ಸರಿ, ಹೊರಡ್ತೀನಿ", "ಓ, ನೀನಾ?" ಇಂಥ ಮಾತುಗಳಿಗೆ. ಒಬ್ಬರೇ ಇರುವಾಗಿಗಿಂತ ಜೊತೆಯಲ್ಲಿರುವಾಗ ಜನ ಮೂವತ್ತು ಪಟ್ಟು ಹೆಚ್ಚು ನಗುತ್ತಾರೆ ಅನ್ನೋದು ಆತನ ಇನ್ನೊಂದು ಲೆಕ್ಕ. ನಮ್ಮ ಭರತನ ನಾಟ್ಯಶಾಸ್ತ್ರ ಸ್ಮಿತದಿಂದ ಅತಿಹಸಿತದವರೆಗೆ ನಗುವಿನಲ್ಲಿ ಆರು ಬಗೆ ಹೇಳುತ್ತದೆ. ಜೊತೆಗೆ ಹಾಸ್ಯವನ್ನು ತಾನೇ ನಗುವುದು, ಇನ್ನೊಬ್ಬರನ್ನು ನಗಿಸುವುದು ಅಂತ ಎರಡಾಗಿ ಒಡೆಯುತ್ತದೆ. ನಗು ಒಬ್ಬರಿಂದ ಒಬ್ಬರಿಗೆ ದಾಟುವ ವಸ್ತು ಅನ್ನೋದು ನಮಗೆ ಹೊಸದೇನಲ್ಲ.

ಹಾಗಾದರೆ ದೇಹಕ್ಕೆ ಆಗುವ ಲಾಭ? ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ ಲೀ ಬರ್ಕ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಎಲ್ಲರೂ ಹೇಳುತ್ತಾರೆ. ನಗೆ ವಿಡಿಯೋ ನೋಡಿದವರ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಇಳಿದವು ಅಂತ. ಆದರೆ ಅದರಲ್ಲಿ ಇದ್ದವರು ಒಟ್ಟು ಹತ್ತು ಜನ, ವಿಡಿಯೋ ನೋಡಿದವರು ಐದೇ ಜನ. ಸುಳ್ಳಿ ನಗುವೂ ನಿಜದ ನಗುವಿನಷ್ಟೇ ಕೆಲಸ ಮಾಡುತ್ತದೆ ಎಂಬ ಮಾತಿಗೂ ಪುರಾವೆ ಅಷ್ಟಕ್ಕಷ್ಟೆ. ಹಲ್ಲಿನ ನಡುವೆ ಪೆನ್ನು ಕಚ್ಚಿಕೊಂಡು ಮುಖವನ್ನು ನಗುವಂತೆ ಮಾಡಿದರೆ ಕಾರ್ಟೂನು ಹೆಚ್ಚು ತಮಾಷೆಯಾಗಿ ಕಾಣುತ್ತದೆ ಎಂಬ 1988ರ ಹೆಸರಾಂತ ಪ್ರಯೋಗವನ್ನು 2016ರಲ್ಲಿ 17 ಪ್ರಯೋಗಾಲಯಗಳು ಮತ್ತೆ ಮಾಡಿದಾಗ ಆ ಪರಿಣಾಮ ಕಾಣಲಿಲ್ಲ. 2022ರಲ್ಲಿ 19 ದೇಶಗಳ ಜನರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಬೇಕೆಂದೇ ನಗುಮುಖ ಮಾಡಿದವರಿಗೆ ಸ್ವಲ್ಪ ಖುಷಿ ಹೆಚ್ಚಾದದ್ದು ಕಂಡಿತು. ಸ್ವಲ್ಪ ಅಷ್ಟೇ.

ಆದರೆ ನೋವಿನ ವಿಷಯದಲ್ಲಿ ಕಸಿನ್ಸ್ ಮಾತಿಗೆ ಬಲ ಬಂತು. 2011ರಲ್ಲಿ ಆಕ್ಸ್‌ಫರ್ಡಿನ ರಾಬಿನ್ ಡನ್ಬರ್ ತಂಡ ಕೆಲವರಿಗೆ ಮಿಸ್ಟರ್ ಬೀನ್‌ನಂಥ ಕಾಮಿಡಿ, ಇನ್ನು ಕೆಲವರಿಗೆ ಸಪ್ಪೆ ಡಾಕ್ಯುಮೆಂಟರಿ ತೋರಿಸಿ, ಆಮೇಲೆ ತೋಳಿಗೆ ಮಂಜುಗಟ್ಟಿದ ಪಟ್ಟಿ ಸುತ್ತಿ ಎಷ್ಟು ಹೊತ್ತು ತಡೆಯುತ್ತಾರೆ ನೋಡಿತು. ಚೆನ್ನಾಗಿ ನಕ್ಕವರು ಹೆಚ್ಚು ಹೊತ್ತು ತಡೆದರು. ಒಬ್ಬರೇ ಕೂತವರಿಗಿಂತ ಗುಂಪಿನಲ್ಲಿ ಕೂತವರು ಹೆಚ್ಚು ನಕ್ಕರು. 2017ರಲ್ಲಿ ಫಿನ್ಲೆಂಡಿನ ತುರ್ಕುವಿನಲ್ಲಿ ಹನ್ನೆರಡು ಗಂಡಸರನ್ನು ಅವರವರ ಆಪ್ತ ಗೆಳೆಯರ ಜೊತೆ ಅರ್ಧ ಗಂಟೆ ಕೂರಿಸಿ ನಗಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ದೇಹ ತಾನೇ ತಯಾರಿಸಿಕೊಳ್ಳುವ, ಅಫೀಮನ್ನು ಹೋಲುವ ನೋವುನಿವಾರಕಗಳು ಹೊಮ್ಮಿದ್ದು ಅದರಲ್ಲಿ ಕಂಡಿತು. ಮಂಗಗಳು ಒಂದರ ಮೈಯಿಂದ ಇನ್ನೊಂದು ಹೇನು ಹೆಕ್ಕುತ್ತಾ ಬಾಂಧವ್ಯ ಬೆಳೆಸಿಕೊಳ್ಳುತ್ತವಲ್ಲ, ಮನುಷ್ಯರಿಗೆ ನಗು ಆ ಕೆಲಸ ಮಾಡುತ್ತದೆ ಅನ್ನೋದು ಡನ್ಬರ್ ವಾದ. ಕೈಗೆ ಒಂದೇ ಮೈ ಸಿಕ್ಕರೆ, ನಗುವಿಗೆ ಇಡೀ ಕಟ್ಟೆ ಸಿಗುತ್ತದೆ!

(ನಗುವಿನ ಅಡ್ಡಪರಿಣಾಮಗಳನ್ನೂ 2013ರಲ್ಲಿ ಇಬ್ಬರು ಸಂಶೋಧಕರು 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಪಟ್ಟಿ ಮಾಡಿದ್ದಾರೆ. ಜೋರಾಗಿ ನಕ್ಕು ಮೂರ್ಛೆ ಹೋದವರು, ಆಸ್ತಮಾ ಕೆರಳಿದವರು, ದವಡೆ ಜಾರಿದವರೂ ಇದ್ದಾರಂತೆ. ಜೋಪಾನ :))

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ನಗು ಕಾಯಿಲೆಯನ್ನು ಓಡಿಸುತ್ತದೆ ಅನ್ನಲು ಆಧಾರ ಸಾಲದು. ನೋವನ್ನು ತಾಳಿಕೊಳ್ಳುವ ಶಕ್ತಿ ಕೊಡುತ್ತದೆ ಅನ್ನಲು ಆಧಾರ ಇದೆ, ಅದೂ ಮುಖ್ಯವಾಗಿ ಜೊತೆಗೆ ಜನ ಇದ್ದಾಗ. ಹಾಗಾಗಿ ನೋವಿನಲ್ಲಿರುವವರಿಗೆ "ನಗ್ತಾ ಇರು" ಅಂತ ಸಂದೇಶ ಕಳಿಸುವುದರಿಂದ ಹೆಚ್ಚೇನೂ ಆಗದು. ಹೋಗಿ ಅವರ ಪಕ್ಕ ಕೂತು, ಹಳೆಯ ಊರ ಸುದ್ದಿ ತೆಗೆದು, ಜೊತೆಯಲ್ಲಿ ನಕ್ಕು ಬರುವುದೇ ಬೇರೆ. ಮಾತ್ರೆ ನುಂಗಿದರಾ ಅಂತ ಕೇಳುವುದನ್ನೂ ಮರೆಯಬಾರದು.

ಕನ್ನಡದಲ್ಲಿ ಇದನ್ನು ಮಾಡಿ ತೋರಿಸಿದ ಒಬ್ಬರಿದ್ದಾರೆ. ಡಾ. ಎಂ. ಶಿವರಾಂ, ನಮ್ಮೆಲ್ಲರ 'ರಾಶಿ'. ಬೆಂಗಳೂರಿನ ವೈದ್ಯರು. 1942ರಲ್ಲಿ, ಮಹಾಯುದ್ಧದ ನಡುವೆ, 'ಕೊರವಂಜಿ' ಅನ್ನೋ ನಗೆ ಮಾಸಪತ್ರಿಕೆ ಶುರುಮಾಡಿ 1967ರವರೆಗೆ ನಡೆಸಿದರು. ನಾ. ಕಸ್ತೂರಿ ಅದರಲ್ಲಿ ಬರೆದರು, ಆರ್. ಕೆ. ಲಕ್ಷ್ಮಣ್ ತಮ್ಮ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದರು. ಮನಸ್ಸಿನ ಬಗ್ಗೆ ರಾಶಿ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಸಿನ್ಸ್ ಲೇಖನ ಜಗತ್ತಿಗೆ ಗೊತ್ತಾದ ವರ್ಷವೂ ಅದೇ! ಕಾಯಿಲೆಗೆ ಔಷಧಿ, ಮನಸ್ಸಿಗೆ ಕೊರವಂಜಿ. ಒಂದೇ ಕೈ ಎರಡನ್ನೂ ಬರೆಯಿತು, ಆದರೆ ಒಂದರ ಬದಲು ಇನ್ನೊಂದನ್ನಲ್ಲ.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ 'ಕೊರವಂಜಿ' ಸಂಚಿಕೆ ಏನಾದರೂ ಉಳಿದಿದೆಯಾ? ಇದ್ದರೆ ತಿಳಿಸಿ. ಓದುವ ಆಸೆ ನನಗೆ, ಓದಿಸುವ ಆಸೆ ಚಿಕ್ಕಪ್ಪನಿಗೆ.