ಮೂಲ ಮಿನ್: ಒಂದು ಪುನಾರಚನೆಯ ಇತಿಹಾಸ

ತಮಿಳಿನ ‘ಪಾಲ್’, ‘ಪುಲಿ’ಗಳ ಪಕ್ಕದಲ್ಲಿ ಕನ್ನಡದ ‘ಹಾಲು’, ‘ಹುಲಿ’ಗಳನ್ನಿಟ್ಟರೆ ಮೂಲದಲ್ಲಿ ಪಕಾರವೇ ಇತ್ತೆಂದು ಊಹಿಸಬಹುದು. ಹಳಗನ್ನಡದ ಶಾಸನಗಳು ಆ ಊಹೆಯನ್ನು ದೃಢಪಡಿಸುತ್ತವೆ. ಚೀನೀ ಭಾಷೆಯಲ್ಲಿ ಈ ಎರಡನೆಯ ಅನುಕೂಲವಿಲ್ಲ. ‘ಕೋಣೆ’ ಎಂಬರ್ಥದ ಒಂದೇ ಲಿಪಿಚಿಹ್ನೆಯನ್ನು ಬೀಜಿಂಗಿನವರು ‘ಫಾಂಗ್’ ಎಂದು ಓದಿದರೆ ದಕ್ಷಿಣ ಕರಾವಳಿಯ ಅಮೋಯ್ ಪಟ್ಟಣದವರು ‘ಪಾಂಗ್’ ಎನ್ನುತ್ತಾರೆ. ಎರಡು ಸಾವಿರ ವರ್ಷಗಳ ಹಿಂದೆ ಅದನ್ನು ಹೇಗೆ ಉಚ್ಚರಿಸುತ್ತಿದ್ದರೆಂದು ಚಿಹ್ನೆ ನೇರವಾಗಿ ಹೇಳುವುದಿಲ್ಲ.

ಈ ಕೊರತೆಯನ್ನು ತುಂಬಿದ್ದು ‘ಛಿಯೆಯುನ್’ ಎಂಬ ಪ್ರಾಸಕೋಶ. ಲು ಫಾಯಾನ್ ಅದನ್ನು ಕ್ರಿ.ಶ. 601ರಲ್ಲಿ ಮುಗಿಸಿದ. ತನ್ನ ಮನೆಯಲ್ಲಿ ಒಂದು ರಾತ್ರಿ ಎಂಟು ಮಂದಿ ವಿದ್ವಾಂಸರು ಸೇರಿ ಉತ್ತರ–ದಕ್ಷಿಣದ ಉಚ್ಚಾರಣೆಗಳ ಬಗ್ಗೆ ಚರ್ಚಿಸಿದ್ದೇ ಇದಕ್ಕೆ ಆಧಾರವೆಂದು ಅವನೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಯಾವ ಪದ ಯಾವುದರೊಡನೆ ಪ್ರಾಸವಾಗುತ್ತದೆ, ಯಾವುದರ ಆದಿ ವ್ಯಂಜನ ಯಾವುದರಂತಿದೆ ಎಂಬುದನ್ನು ಈ ಕೋಶ ಹೇಳುತ್ತದೆ. ಆ ವ್ಯಂಜನ ಕಿವಿಗೆ ಹೇಗೆ ಕೇಳುತ್ತಿತ್ತು ಎಂಬುದನ್ನು ಹೇಳುವುದಿಲ್ಲ.

ಸ್ವೀಡನ್ನಿನ ಬರ್ನ್‌ಹಾರ್ಡ್ ಕಾರ್ಲ್‌ಗ್ರೆನ್ ಮಾಡಿದ್ದು ಈ ಖಾಲಿ ಚೌಕಟ್ಟಿಗೆ ಧ್ವನಿ ಕೊಡುವ ಕೆಲಸ. 1910ರಲ್ಲಿ ಚೀನಾಕ್ಕೆ ಹೋದ ಆತ ಅಲ್ಲಿನ ಹಲವು ಉಪಭಾಷೆಗಳ ಉಚ್ಚಾರಣೆಗಳನ್ನು ಸಂಗ್ರಹಿಸಿ, 1915ರಿಂದ 1926ರವರೆಗೆ ಫ್ರೆಂಚಿನಲ್ಲಿ ಕಂತುಕಂತಾಗಿ ತನ್ನ ಅಧ್ಯಯನವನ್ನು ಪ್ರಕಟಿಸಿದ. ಚಾವ್ ಯುಎನ್‌ರೆನ್, ಲುವೊ ಚಾಂಗ್‌ಪೇ, ಲಿ ಫಾಂಗ್‌ಗುಯಿ ಎಂಬ ಮೂವರು ಘಟಾನುಘಟಿಗಳು ಸೇರಿ 1940ರಲ್ಲಿ ಅದನ್ನು ಚೀನೀ ಭಾಷೆಗೆ ತಂದರು. ಆದರೂ ಕಾರ್ಲ್‌ಗ್ರೆನ್ನನ ದಾರಿಯನ್ನು ಶುದ್ಧ ತೌಲನಿಕ ವಿಧಾನ ಎನ್ನಲಾಗದು. ತಾಯಿ ಯಾರೆಂದು ಮೊದಲೇ ನಿಶ್ಚಯಿಸಿಕೊಂಡು ಮಕ್ಕಳನ್ನು ಸಾಕ್ಷಿಗೆ ಕರೆದಂತಿತ್ತು ಅದು. ಇಂದಿನ ಹೆಚ್ಚುಕಡಿಮೆ ಎಲ್ಲ ಉಪಭಾಷೆಗಳೂ ಛಿಯೆಯುನ್‌ನ ಭಾಷೆಯಿಂದಲೇ ಹುಟ್ಟಿದವು ಎಂದ ಆತ, ಒಂದು ಗುಂಪನ್ನು ಮಾತ್ರ ಹೊರಗಿಟ್ಟ: ಫುಜಿಯಾನ್ ಪ್ರಾಂತ್ಯದ ಮಿನ್.

ಹೊರಗಿಡಲು ಕಾರಣವಿತ್ತು. ಪ್ರಾಚೀನ ಚೀನೀ ಭಾಷೆಯಲ್ಲಿ ಫಕಾರದಂಥ ದಂತ್ಯೋಷ್ಠ್ಯ ಧ್ವನಿಗಳಿರಲಿಲ್ಲ, ಕೋಶದಲ್ಲಿ ಬೇರೆಯಾಗಿ ನಿಂತಿರುವ ಮೂರ್ಧನ್ಯಗಳು ಹಿಂದೆ ದಂತ್ಯಗಳೇ ಆಗಿದ್ದವು ಎಂದು 18ನೇ ಶತಮಾನದ ಛಿಯಾನ್ ದಾಷಿನ್ ಹಳೆಯ ಗ್ರಂಥಗಳನ್ನು ಶೋಧಿಸಿ ತೋರಿಸಿದ್ದ. ಅವನು ಕಾಗದದಲ್ಲಿ ಕಂಡದ್ದು ಮಿನ್ ಆಡುವ ಅಮೋಯ್‌ನ ಬೀದಿಯಲ್ಲಿ ಕೇಳುತ್ತದೆ. ಬೀಜಿಂಗಿನ ‘ಫಾಂಗ್’ ಅಲ್ಲಿ ‘ಪಾಂಗ್’. ‘ಛಾ’ ಅಲ್ಲಿ ‘ತೇ’. (ನಮ್ಮ ಚಹಾ, ಟೀ ಎರಡೂ ಈ ಜೋಡಿಯವೇ.) ದಂತ್ಯ ಮೂರ್ಧನ್ಯವಾಗುವ, 601ರ ಕೋಶದಲ್ಲಿ ಆಗಲೇ ನಡೆದುಹೋಗಿದ್ದ ಈ ಎರಡನೆಯ ಬದಲಾವಣೆ ಮಿನ್‌ನಲ್ಲಿ ನಡೆದೇ ಇಲ್ಲವೆಂದರೆ, ಮಿನ್ ಆ ಕೋಶದ ಮಗಳಾಗಲಾರದು.

ಹಾಗಾದರೆ ಅದರ ತಾಯಿ ಯಾವುದು? ಕೋಶವನ್ನು ಪಕ್ಕಕ್ಕಿಟ್ಟು ಜನರ ಬಾಯಿಮಾತುಗಳನ್ನಷ್ಟೇ ಹೋಲಿಸಿ ಉತ್ತರ ಹುಡುಕಿದವರು ಅಮೆರಿಕದ ಜೆರಿ ನಾರ್ಮನ್. ಫುಜಿಯಾನ್‌ನ ವಾಯವ್ಯ ಭಾಗದ ಜಿಯಾನ್‌ಯಾಂಗ್ ಉಪಭಾಷೆಯನ್ನು ಕುರಿತು 1969ರಲ್ಲಿ ಬರ್ಕ್ಲಿಯಲ್ಲಿ ಡಾಕ್ಟರೇಟ್ ಪ್ರಬಂಧ ಬರೆದ ಅವರು 1973ರಲ್ಲಿ ಮಿನ್‌ನ ಟೋನ್‌ಗಳನ್ನು (ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತಗಳನ್ನು), 1974ರಲ್ಲಿ ಆದಿ ವ್ಯಂಜನಗಳನ್ನು, 1981ರಲ್ಲಿ ಪದದ ಉಳಿದ ಭಾಗವನ್ನು ಕುರಿತು ಲೇಖನಗಳನ್ನು ಪ್ರಕಟಿಸಿದರು.

ಇವುಗಳಲ್ಲಿ ತಿರುಳಿರುವುದು ಆದಿ ವ್ಯಂಜನಗಳ ಲೇಖನದಲ್ಲಿ. ಅದರ ತರ್ಕವನ್ನು ನಿಧಾನವಾಗಿ ನೋಡಬೇಕು. ಛಿಯೆಯುನ್ ಪ್ರಕಾರ ದಂತ್ಯ ಸ್ಪರ್ಶಗಳು ಮೂರು: ತ, ಥ, ದ. ಈ ದಕಾರ ಬೀಜಿಂಗ್ ಮಾತಿನಲ್ಲಿ ಟೋನ್‌ಗೆ ಅನುಗುಣವಾಗಿ ತ ಅಥವಾ ಥ ಆಯಿತು. ಹಕ್ಕ ಉಪಭಾಷೆಯಲ್ಲಿ ಸಾರಾಸಗಟಾಗಿ ಥ ಆಯಿತು. ಅಮೋಯ್‌ನಲ್ಲಿ ಮಾತ್ರ ‘ತಲೆ’ಗೆ ಥಾವ್, ‘ಸಕ್ಕರೆ’ಗೆ ಥ್ಙ್, ಆದರೆ ‘ತಾಮ್ರ’ಕ್ಕೆ ತಾಂಗ್, ‘ಗೊರಸು’ಗೆ ತೇ. ಕೋಶದಲ್ಲಿ ನಾಲ್ಕಕ್ಕೂ ಒಂದೇ ದಕಾರ. ಅಮೋಯ್‌ನಲ್ಲಿ ನಾಲ್ಕಕ್ಕೂ ಒಂದೇ ಟೋನ್, ಅದೂ ಘೋಷ ವ್ಯಂಜನದಿಂದ ಬಂದ ಪದಗಳಿಗೆ ಇರುವಂಥದ್ದು. ಆದ್ದರಿಂದ ಈ ಒಡಕಿಗೆ ಟೋನ್ ಕಾರಣವಲ್ಲ. ಅಕಸ್ಮಾತ್ತೂ ಅಲ್ಲ, ಮಿನ್ ಆಡುವ ಇನ್ನೊಂದು ಪಟ್ಟಣವಾದ ಫುಜೌನಲ್ಲಿಯೂ ಇದೇ ಪದಗಳು ಇದೇ ಗುಂಪುಗಳಾಗಿ ಒಡೆಯುತ್ತವೆ. ಕಾರಣ ಸಿಗದ ಭೇದವನ್ನು ಮೂಲಕ್ಕೇ ಒಯ್ಯಬೇಕೆಂಬುದು ತೌಲನಿಕ ವಿಧಾನದ ಮೊದಲ ಪಾಠ. ನಾರ್ಮನ್ ಮೂಲ ಮಿನ್‌ಗೆ ದ ಮತ್ತು ಧ ಎರಡನ್ನೂ ಕೊಟ್ಟರು. ತ, ಥ, ದ, ಧ ಎಂಬ ಈ ಸಾಲು ಕನ್ನಡದ ಓದುಗರಿಗೆ ಹೊಸದೇನಲ್ಲ.

ಅವರು ಅಲ್ಲಿಗೆ ನಿಲ್ಲಲಿಲ್ಲ. ಜಿಯಾನ್‌ಯಾಂಗ್‌ನಲ್ಲಿ ಕೆಲವು ಪದಗಳಲ್ಲಿ ತ ಬರಬೇಕಾದಲ್ಲಿ ಲ, ಪ ಬರಬೇಕಾದಲ್ಲಿ ವ ಬರುತ್ತದೆ, ಟೋನ್ ಕೂಡ ಬೇರೆಯಾಗುತ್ತದೆ. ಇವಕ್ಕಾಗಿ ‘ಮೃದು’ ವ್ಯಂಜನಗಳ ಇನ್ನೆರಡು ಶ್ರೇಣಿಗಳನ್ನು ಸೇರಿಸಿದಾಗ ಕೋಶದಲ್ಲಿ ಮೂರಿದ್ದದ್ದು ಮೂಲ ಮಿನ್‌ನಲ್ಲಿ ಆರಾಯಿತು. ವಾದವೆದ್ದದ್ದೂ ಇಲ್ಲಿಯೇ. ಜಪಾನಿನ ಹಿರಾತಾ ಶೋಜಿ 1988ರಲ್ಲಿ, ಈ ಮೃದು ರೂಪಗಳು ಮೂಲದವಲ್ಲ, ನೆರೆಯ ವೂ ಉಪಭಾಷೆಗಳ ಸಂಪರ್ಕದಿಂದ ಬಂದವು ಎಂದರು.

ಎರವಲಿನ ಸಮಸ್ಯೆ ನಾರ್ಮನ್‌ಗೂ ತಿಳಿಯದ್ದಲ್ಲ. ಅಮೋಯ್‌ನಲ್ಲಿ ಒಂದೇ ಲಿಪಿಚಿಹ್ನೆ ‘ಚಾಪೆ’ ಎಂಬರ್ಥದಲ್ಲಿ ಛಿಯೋ, ‘ಔತಣ’ ಎಂಬರ್ಥದಲ್ಲಿ ಸಿಯಾ, ‘ಅಧ್ಯಕ್ಷ’ ಎಂಬ ಪದದೊಳಗೆ ಸಿಕ್. 1979ರ ಲೇಖನದಲ್ಲಿ ಅವರು ಇಂಥ ರೂಪಗಳನ್ನು ಮೂರು ಪದರಗಳಾಗಿ ಬಿಡಿಸಿದರು: ಹಾನ್ ಕಾಲದ ವಲಸೆಗಾರರದು, ದಕ್ಷಿಣದ ರಾಜವಂಶಗಳ ಕಾಲದ್ದು, ತಾಂಗ್ ಕಾಲದ ಓದುಬರಹದವರದು. ಮೂಲ ಮಿನ್ ಕಟ್ಟಲು ಮೊದಲ ಪದರ ಬೇಕು, ಮೂರನೆಯದನ್ನು ಬದಿಗಿಡಲೇಬೇಕು.

2014ರಲ್ಲಿ ವಿಲಿಯಂ ಬ್ಯಾಕ್ಸ್‌ಟರ್ ಮತ್ತು ಲೋರಾಂ ಸಗಾರ್ ಪ್ರಾಚೀನ ಚೀನೀ ಭಾಷೆಯ ತಮ್ಮ ಪುನಾರಚನೆಯಲ್ಲಿ ಈ ಮೃದು ವ್ಯಂಜನಗಳನ್ನು ವಿಯೆಟ್ನಾಮೀ ಮೊದಲಾದ ಭಾಷೆಗಳಿಗೆ ಬಹು ಹಿಂದೆಯೇ ಹೋದ ಎರವಲು ಪದಗಳ ಜೊತೆಗಿಟ್ಟು, ವ್ಯಂಜನದ ಹಿಂದೆ ಒಂದು ಕಿರು ಪೂರ್ವಾಕ್ಷರ ಇದ್ದಿರಬೇಕೆಂದು ವಾದಿಸಿದರು. ಹಿರಾತಾ ಅವರ ಆಕ್ಷೇಪ ಇದರಿಂದ ದುರ್ಬಲವಾಗುತ್ತದೆಯೇ ಹೊರತು ಬಿದ್ದುಹೋಗುವುದಿಲ್ಲ. ದ–ಧ ಭೇದವನ್ನೂ ಪದರಗಳ ಲೆಕ್ಕಕ್ಕೆ ಹಾಕುವವರಿದ್ದಾರೆ. ಅದನ್ನು ಒಪ್ಪುವುದು ನನಗೆ ಕಷ್ಟ. ‘ಸಕ್ಕರೆ’ ತಡವಾಗಿ ಬಂದಿರಬಹುದು. ಆದರೆ ತಲೆ, ಚರ್ಮ, ಹುಳುವಿನಂಥ ಪದಗಳೂ ಮಹಾಪ್ರಾಣದ ಗುಂಪಿನಲ್ಲಿವೆ. ಇಂಥವನ್ನು ಯಾವ ಜನರೂ ಸುಲಭವಾಗಿ ಕಡ ತರುವುದಿಲ್ಲ. ಆರು ಶ್ರೇಣಿಗಳಲ್ಲಿ ಕೊನೆಯ ಎರಡು ಇನ್ನೂ ವಿಚಾರಣೆಯಲ್ಲಿವೆ, ಮೊದಲ ನಾಲ್ಕು ಗಟ್ಟಿಯಾಗಿವೆ.