ಡಿಸ್ಲೆಕ್ಸಿಯಾ ಇರುವ ಮಗುವಿಗೆ ಮನೆಯಲ್ಲಿ ನೆರವು: ಭಾಲ್ಕಿಯಿಂದ ಒಂದು ಪಾಠ

ಬೀದರ್ ಜಿಲ್ಲೆಯ ‘ಭಾಲ್ಕಿ’ ಎಂಬ ಊರಿನ ಹೆಸರನ್ನು ಒಮ್ಮೆ ನಿಧಾನವಾಗಿ ಬರೆದು ನೋಡೋಣ. ಬಾಯಲ್ಲಿ ಮೊದಲು ‘ಲ್’ ಬರುತ್ತದೆ, ಆಮೇಲೆ ‘ಕಿ’. ಆದರೆ ಕಾಗದದ ಮೇಲೆ ಗುಡಿಸು ಕೂರುವುದು ‘ಲ’ಕಾರದ ತಲೆಯ ಮೇಲೆ, ‘ಕ’ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ಇದನ್ನು ‘ಭಾಲಿಕ’ ಎಂದು ಓದುವ ಮಗು ಕಣ್ಣಿಗೆ ಕಂಡದ್ದನ್ನೇ ಓದಿದೆ. ಹೆಚ್ಚಿನ ಮಕ್ಕಳು ನಾಲ್ಕೈದನೇ ತರಗತಿಯ ಹೊತ್ತಿಗೆ ಈ ತೊಡಕನ್ನು ದಾಟುತ್ತಾರೆ. ಕೆಲವು ಮಕ್ಕಳು ಎಷ್ಟು ಶ್ರಮಪಟ್ಟರೂ ದಾಟಲಾರರು. ಅಂತಹವರಲ್ಲಿ ಹಲವರಿಗೆ ಇರುವುದು ಡಿಸ್ಲೆಕ್ಸಿಯಾ.

ಇದು ಕಾಯಿಲೆಯಲ್ಲ, ಬುದ್ಧಿಮಾಂದ್ಯವಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವ ಕೆಲಸ ಮಿದುಳಿಗೆ ಕಷ್ಟವಾಗುತ್ತದೆ. ವಂಶದಲ್ಲಿ ಹರಿದು ಬರುವುದು ಸಾಮಾನ್ಯ. ಮಗನಿಗೆ ಬೈಯುವ ತಂದೆಯೇ ಒಂದು ಕಾಲದಲ್ಲಿ ಇದೇ ಕಾರಣಕ್ಕೆ ಶಾಲೆ ಬಿಟ್ಟಿರಬಹುದು. 2007ರಲ್ಲಿ ತೆರೆಕಂಡ ‘ತಾರೇ ಜಮೀನ್ ಪರ್’ ಚಿತ್ರದಿಂದ ಈ ಹೆಸರು ಮನೆಮನೆಗೆ ತಿಳಿಯಿತು. ಆದರೆ ಇಂತಹ ಮಕ್ಕಳೆಲ್ಲ ಚಿತ್ರಕಲೆಯಲ್ಲಿ ಪ್ರವೀಣರು ಎಂಬ ತಪ್ಪು ಕಲ್ಪನೆಯೂ ಅದರ ಜೊತೆಗೇ ಬಂತೆಂದು ನಮಗನಿಸುತ್ತದೆ. ಎಲ್ಲ ಮಕ್ಕಳಂತೆ ಇವರಲ್ಲೂ ಬಗೆಬಗೆಯವರಿದ್ದಾರೆ.

ಕರಾವಳಿಯಿಂದ ಶಾಲೆ, ಸೇವಾಕಾರ್ಯಗಳಿಗೆಂದು ಆ ಕಡೆಗೆ ಹೋದವರಿಗೆ ಮೊದಲು ಎದುರಾಗುವುದು ಅಲ್ಲಿನ ಭಾಷೆಗಳ ಸಂತೆ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಊರು ಅದು. ಇಂದೂ ಭಾಲ್ಕಿ, ಔರಾದ್ ಗಡಿಯ ಮಗು ಮನೆಯಲ್ಲಿ ಮರಾಠಿ, ಓಣಿಯಲ್ಲಿ ದಖನಿ ಉರ್ದು ಕೇಳಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಕಲಿಯುತ್ತದೆ. ಹಿಂದಿ–ಮರಾಠಿಯ ಹ್ರಸ್ವ ‘ಇ’ ಚಿಹ್ನೆಯನ್ನು ವ್ಯಂಜನಕ್ಕಿಂತ ಮೊದಲು ಬರೆಯಬೇಕು, ನಂತರ ಉಚ್ಚರಿಸಬೇಕು. ಕನ್ನಡದ ಅರ್ಕಾವತ್ತು ಇದಕ್ಕೆ ಉಲ್ಟಾ. ‘ಸೂರ್ಯ’ದಲ್ಲಿ ಅದನ್ನು ಬರೆಯುವುದು ಕೊನೆಯಲ್ಲಿ, ನುಡಿಯುವುದು ಮೊದಲು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು ಆಡಿ ಶಾಲೆಗೆ ಹೋಗುವ ನಮ್ಮ ಮಕ್ಕಳ ಹೆತ್ತವರಿಗೆ ಈ ಹೊರೆಯನ್ನು ವಿವರಿಸಬೇಕಾಗಿಲ್ಲ.

ಹಲವು ಭಾಷೆ ಕೇಳಿದ್ದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಮನೆಮಾತನ್ನು ಬಿಡಿಸಬೇಕಾಗಿಯೂ ಇಲ್ಲ. ಆದರೆ ಮನೆಯಲ್ಲಿ ಅಭ್ಯಾಸ ಮಾಡಿಸುವಾಗ ಒಂದು ಲಿಪಿಯನ್ನು ಗಟ್ಟಿ ಮಾಡಿಕೊಂಡು ಇನ್ನೊಂದಕ್ಕೆ ಹೋಗುವುದು ಒಳಿತು. ಮೊದಲು ಕಣ್ಣು, ಕಿವಿಗಳನ್ನು ಪರೀಕ್ಷಿಸಿರಿ. 2020–21ರಲ್ಲಿ ಶಾಲೆ ಮುಚ್ಚಿದ್ದಾಗ ಅಕ್ಷರ ಕಲಿಯುವ ವಯಸ್ಸಿನಲ್ಲಿದ್ದ ಮಕ್ಕಳಲ್ಲಿ ಅನೇಕರು ಪಾಠ ಸಿಗದೆ ಹಿಂದುಳಿದವರು. ಅವರೆಲ್ಲರಿಗೂ ಈ ಹೆಸರು ಅಂಟಿಸಬಾರದು.

‘ನನಗೇ ಓದು ಬರುವುದಿಲ್ಲ, ಮಗುವಿಗೆ ಏನು ಕಲಿಸಲಿ?’ ಎನ್ನುವ ತಾಯಿ ಬಹಳಷ್ಟು ಮಾಡಬಲ್ಲಳು, ಏಕೆಂದರೆ ಓದಿನ ಬೇರು ಕಿವಿಯಲ್ಲಿದೆ. ರೊಟ್ಟಿ ತಟ್ಟುತ್ತಾ ‘ಕಮಲ’ದಲ್ಲಿ ‘ಕ’ ತೆಗೆದರೆ ಏನು ಉಳಿಯಿತು ಎಂದು ಕೇಳಬಹುದು. ‘ತೊಗರಿಬೇಳೆ’ಗೆ ಎಷ್ಟು ಚಪ್ಪಾಳೆ? ‘ಮ’ದಿಂದ ಶುರುವಾಗುವ ಐದು ವಸ್ತು ಮನೆಯಲ್ಲಿ ಎಲ್ಲಿವೆ? ಮರಾಠಿಯಲ್ಲಿ ಆಡಿದರೂ ಈ ಆಟದ ಫಲ ಕನ್ನಡದ ಓದಿಗೂ ನೆರವಾಗುತ್ತದೆ. ಆಮೇಲೆ ತಟ್ಟೆಯಲ್ಲಿ ಜೋಳದ ಹಿಟ್ಟು ಹರಡಿ, ಧ್ವನಿಯನ್ನು ಗಟ್ಟಿಯಾಗಿ ಹೇಳುತ್ತಾ ಬೆರಳಿನಿಂದ ಆ ಅಕ್ಷರ ಬರೆಯಿಸಿರಿ. ದಿನಕ್ಕೆ ಒಂದೆರಡು ಅಕ್ಷರ ಸಾಕು, ನಿನ್ನೆಯದನ್ನು ಇಂದು ಮತ್ತೆ ಕೇಳಬೇಕು. ‘ಅಕ್ಕ’, ‘ಅಮ್ಮ’ದಂತಹ ಸಜಾತಿ ಒತ್ತುಗಳು ಮೊದಲು, ‘ಲ್ಕಿ’ಯಂತಹವು ನಂತರ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು, ಇಂಗ್ಲಿಷ್‌ನ 26 ಅಕ್ಷರಗಳಂತೆ ನಮ್ಮ ಅಕ್ಷರಮಾಲೆ ಒಂದೆರಡು ವರ್ಷಗಳಲ್ಲಿ ಮುಗಿಯುವಂಥದ್ದಲ್ಲ ಎಂಬುದನ್ನು ತೋರಿಸಿದ್ದಾರೆ. ಆದ್ದರಿಂದ ಅವಸರ ಬೇಡ.

ತಪ್ಪಾದ ಪದವನ್ನು ನೂರು ಸಲ ಬರೆಯಿಸುವ ಶಿಕ್ಷೆಯಿಂದ ಕೈ ನೋಯುತ್ತದೆ, ಅಕ್ಷರ ಬರುವುದಿಲ್ಲ. ಹದಿನೈದು ನಿಮಿಷ ಜೊತೆಯಲ್ಲಿ ಕುಳಿತು ಓದಿರಿ: ಅಕ್ಕನೋ ಅಣ್ಣನೋ ಒಂದು ಸಾಲು, ಮಗು ಒಂದು ಸಾಲು, ಮಗು ತಡವರಿಸಿದಲ್ಲಿ ಪದವನ್ನು ಹೇಳಿಕೊಟ್ಟು ಮುಂದೆ ಸಾಗಿರಿ. ವಿಜ್ಞಾನ, ಸಮಾಜ ಪಾಠಗಳನ್ನು ಬಾಯಿಮಾತಿನಲ್ಲಿ ಹೇಳಿ, ಉತ್ತರವನ್ನೂ ಬಾಯಲ್ಲೇ ಕೇಳಿರಿ. ಓದು ನಿಧಾನವೆಂದು ಜ್ಞಾನವೂ ನಿಲ್ಲಬಾರದಲ್ಲವೇ? ಮಾತ್ರೆ, ಟಾನಿಕ್, ಬಣ್ಣದ ಕನ್ನಡಕಗಳಿಗೆ ಹಣ ಸುರಿಯಬೇಡಿರಿ.

ಕ್ರೈಸ್ತ ಶಿಕ್ಷಣ ತರಗತಿ ನಡೆಸುವವರಲ್ಲಿಯೂ ಒಂದು ವಿನಂತಿ. ಇಂತಹ ಮಗುವನ್ನು ಹಠಾತ್ತನೆ ಎಬ್ಬಿಸಿ ಎಲ್ಲರೆದುರು ಓದಿಸಬೇಡಿರಿ. ವಾಚನ ಕೊಡುವುದಿದ್ದರೆ ವಾರ ಮೊದಲೇ ಕೊಟ್ಟರೆ ಮನೆಯಲ್ಲಿ ಕೇಳಿ ಕೇಳಿ ಕಲಿತು ಬರುತ್ತದೆ.

ಏಳೆಂಟು ವರ್ಷವಾದರೂ ಸರಳ ಪದ ಓದಲಾಗದಿದ್ದರೆ ‘ದೊಡ್ಡವನಾದ ಮೇಲೆ ಸರಿಹೋಗುತ್ತದೆ’ ಎಂದು ಕಾಯಬಾರದು. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಹೇಳಬಹುದು. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಶಿಕ್ಷಕರನ್ನು ವಿಚಾರಿಸಬಹುದು. ಪರೀಕ್ಷೆ ಮಗು ಕಲಿಯುವ ಭಾಷೆಯಲ್ಲಿಯೇ ನಡೆಯಬೇಕೆಂದು ಕೇಳಿರಿ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಎಂಬ ಪರೀಕ್ಷಾ ಸಾಮಗ್ರಿ ಕನ್ನಡ, ಮರಾಠಿ ಎರಡರಲ್ಲೂ ಇದೆ.

ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 21 ಬಗೆಗಳಲ್ಲಿ ಒಂದೆಂದು ಗುರುತಿಸಿದೆ. ಪ್ರಮಾಣಪತ್ರ ಸಾಮಾನ್ಯವಾಗಿ 8 ವರ್ಷ ತುಂಬಿದ ಮೇಲೆ ಸಿಗುತ್ತದೆ. ಅದಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವ ಸಹಾಯಕ, ಭಾಷಾ ವಿಷಯಗಳಲ್ಲಿ ರಿಯಾಯಿತಿ ಕೇಳಲು ಅವಕಾಶವಿದೆ. ಈ ಮಾತನ್ನು ಹತ್ತನೇ ತರಗತಿಯ ಪ್ರವೇಶಪತ್ರ ಕೈಗೆ ಬಂದ ಮೇಲೆ ಎತ್ತಿದರೆ ಪ್ರಯೋಜನವಿಲ್ಲ. ಎಂಟನೇ ತರಗತಿಯಲ್ಲಿರುವಾಗಲೇ ಮುಖ್ಯೋಪಾಧ್ಯಾಯರನ್ನು ಕಂಡು ಅರ್ಜಿಯ ವಿಷಯ ಮಾತನಾಡಿರಿ.