ಕಾಲುವೆ ಕಥೆ, ಭಾಗ 4: ಮದ್ರಾಸಿನಿಂದ ಮಹಾಬಲಿಪುರಕ್ಕೆ ದೋಣಿಯಲ್ಲಿ

ಚೆನ್ನೈನಿಂದ ಮಹಾಬಲಿಪುರಕ್ಕೆ ಸುಮಾರು 55 ಕಿ.ಮೀ. ಈಗ ಕಾರಲ್ಲಿ ಹಾಡು ಕೇಳ್ತಾ ಹೋಗಿಬಿಡ್ತೀವಿ. ನೂರು ವರ್ಷದ ಹಿಂದೆ ಎಷ್ಟೋ ಜನ ದೋಣಿಯಲ್ಲಿ ಹೋಗ್ತಿದ್ದರು. ಸಮುದ್ರದಲ್ಲಿ ಅಲ್ಲ, ಸಮುದ್ರದ ಪಕ್ಕಕ್ಕೇ ಹರಿಯುವ ಬಕಿಂಗ್‌ಹ್ಯಾಮ್ ಕಾಲುವೆಯಲ್ಲಿ.

ದೋಣಿಯ ತಳ ಚಪ್ಪಟೆ. ಗಾಳಿ ಇದ್ದರೆ ಹಾಯಿ. ಇಲ್ಲದಿದ್ದರೆ ಒಬ್ಬ ಗಳ ಊರಿ ದೂಡಬೇಕು, ಇನ್ನೊಬ್ಬ ದಡದ ಮೇಲೆ ನಡೀತಾ ಹಗ್ಗ ಎಳೀಬೇಕು. ಅಂದ್ರೆ ನೀವು ಕೂತು ಹೋದಷ್ಟು ದೂರವನ್ನ ಅವನು ದೋಣಿ ಎಳ್ಕೊಂಡು ನಡೀತಿದ್ದ! ತಮಿಳು ಕವಿ ಭಾರತಿದಾಸನ್ 1930ರ ದಶಕದಲ್ಲಿ ಗೆಳೆಯರ ಜೊತೆ ಹೀಗೇ ಹೋಗಿ, ಆ ಪ್ರಯಾಣದ ಮೇಲೆ ಒಂದು ಪದ್ಯ ಬರೆದರು. ಹಗ್ಗ ಎಳೆಯುವ ಆಳೂ ಅದರಲ್ಲಿ ಬರ್ತಾನೆ.

ಆದರೆ ಕಾಲುವೆ ತೋಡಿದವರು ಯಾರು?

ಶುರುವಾಗಿದ್ದು ಉಪ್ಪಿಗಾಗಿ. 1806ರಲ್ಲಿ ಬೇಸಿಲ್ ಕಾಕ್ರೇನ್ ಎಂಬ ವ್ಯಾಪಾರಿ ಮದ್ರಾಸಿನಿಂದ ಎನ್ನೂರಿನವರೆಗೆ ತೋಡಿಸಿದ. ಆಮೇಲೆ ಅದು ಉತ್ತರಕ್ಕೂ ಬೆಳೀತು, ದಕ್ಷಿಣದಲ್ಲೂ ಒಂದು ಕಾಲುವೆ ಆಯ್ತು. ನಡುವೆ ಕೂವಂ ಮತ್ತು ಅಡ್ಯಾರ್ ನದಿಗಳ ಮಧ್ಯದ 8 ಕಿ.ಮೀ. ಮಾತ್ರ ಬಾಕಿ.

ಅಷ್ಟರಲ್ಲಿ 1876-78ರ ಭೀಕರ ಬರ ಬಂತು. ನಮ್ಮ ಹಳೇ ಮೈಸೂರಿನವರು ‘ಧಾತು-ಈಶ್ವರ ಬರ’ ಅಂತಾರಲ್ಲ, ಅದೇ. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯೂ ನಲುಗಿತ್ತು. 1871ರಲ್ಲಿ ಸುಮಾರು 50 ಲಕ್ಷ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಸರ್ಕಾರ ಹಸಿದವರಿಗೆ ಸುಮ್ಮನೆ ಅನ್ನ ಕೊಡಲು ಹಿಂಜರೀತು. ಕೂಲಿ ಮಾಡಿ ಅಂತು. 1877ರ ಆರಂಭದಲ್ಲಿ ರಿಚರ್ಡ್ ಟೆಂಪಲ್ ನಿಗದಿ ಮಾಡಿದ ಕೂಲಿಯಲ್ಲಿ ಧಾನ್ಯದ ಪಾಲು ದಿನಕ್ಕೆ ಒಂದು ಪೌಂಡ್, ಅಂದ್ರೆ ಸುಮಾರು 450 ಗ್ರಾಂ. ಮಣ್ಣು ಹೊರುವವರಿಗೆ! ಇದು ಸಾಲದು ಅಂತ ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಬಲವಾಗಿ ವಿರೋಧಿಸಿದ. ಕೆಲವು ತಿಂಗಳಲ್ಲಿ ಅದನ್ನ ಹೆಚ್ಚಿಸಬೇಕಾಯ್ತು. ಆ 8 ಕಿ.ಮೀ. ಕೂಡ 1877-78ರಲ್ಲಿ ಬರ ಪರಿಹಾರದ ಕೆಲಸವಾಗಿಯೇ ಆಗಿದ್ದು. ಹೆಸರು ಮಾತ್ರ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್‌ಗೆ.

ಆಮೇಲೆ ಇದು ನಗರದ ಸರಕಿನ ದಾರಿಯಾಯ್ತು: ಉಪ್ಪು, ಅಕ್ಕಿ, ಸೌದೆ. ಸೌದೆ ಎಲ್ಲಿಂದ ಗೊತ್ತಾ? ಶ್ರೀಹರಿಕೋಟಾದಿಂದಲೂ ಬರ್ತಿತ್ತು. ಹೌದು, ಇಸ್ರೋ ರಾಕೆಟ್ ಹಾರಿಸೋ ಅದೇ ದ್ವೀಪ.

ರೈಲು, ಲಾರಿ ಬಂದವು. 1960ರ ದಶಕದ ಚಂಡಮಾರುತಗಳು ಕಾಲುವೆಯನ್ನ ಹಾಳುಮಾಡಿದವು. 1990ರ ದಶಕದಲ್ಲಿ ಚೆನ್ನೈನ ಎತ್ತರದ ರೈಲುಮಾರ್ಗಕ್ಕೆ ಕಾಲುವೆಯೊಳಗೇ ಕಂಬ ನೆಟ್ಟರು (ಕೊನೆಯ ಫೋಟೋ ನೋಡಿ). ಇಷ್ಟಾದರೂ 2004ರ ಸುನಾಮಿ ದಿನ ಕರಾವಳಿಯ ಹಲವು ಕಡೆ ಒಳನುಗ್ಗಿದ ನೀರನ್ನ ಈ ಕಾಲುವೆ ಹಿಡಿದಿಟ್ಟುಕೊಂಡಿತು.

2008ರಲ್ಲಿ ಇದನ್ನ ರಾಷ್ಟ್ರೀಯ ಜಲಮಾರ್ಗ 4ರ ಭಾಗ ಅಂತ ಘೋಷಿಸಿದರು. ಮೈಲಾಪುರದ ಹತ್ತಿರ ಮಾತ್ರ ಆ ಜಲಮಾರ್ಗದಲ್ಲಿ ಚರಂಡಿ ನೀರು, ಅದರ ಮೇಲೆ ರೈಲು.

ಮುಂದಿನ ಭಾಗ: ಪುಲಿಕಾಟ್ ಸರೋವರ.